ಹೆದ್ದಾರಿ ಮುಗಿಯುವಲ್ಲಿ ಕಡಲ ವನ್ಯಧಾಮ

ತಂತಿಬಲೆಯ ಬೇಲಿಯೊಳಗಿನ ಮರಳು ಮೊದಲು ಸ್ವಲ್ಪ ಕುಸಿಯಿತು. ಆಮೇಲೆ ಕಪ್ಪಗಿನ ಒಂದು ತಲೆ, ಅದರ ಪಕ್ಕಕ್ಕೆ ಇನ್ನೊಂದು, ನೋಡನೋಡುತ್ತ ಗುಂಡಿಯ ತುಂಬ ಮರಿಗಳು. ಹೊನ್ನಾವರದ ಕಾಸರಕೋಡು ಟೊಂಕದ ದಡದಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು. ಅರಣ್ಯ ಇಲಾಖೆಯ ಕಾವಲುಗಾರರು ಬಲೆ ಎತ್ತಿ, ‘ಎಲ್ರೂ ಹಿಂದೆ ಸರೀರಿ, ದಾರಿ ಬಿಡಿ’ ಎಂದರು. ಹೆಬ್ಬೆರಳಿಗಿಂತ ದೊಡ್ಡದಲ್ಲದ ಆಲಿವ್ ರಿಡ್ಲೆ ಮರಿಗಳು ಒದ್ದೆ ಮರಳಿನ ಮೇಲೆ ತೆವಳುತ್ತ, ಅಲೆ ಬಂದಾಗ ಹಿಂದಕ್ಕೆ ಉರುಳಿ, ಮತ್ತೆ ಎದ್ದು ನೀರಿನತ್ತ ಹೊರಟವು. ನನ್ನ ಪಕ್ಕದಲ್ಲಿ ನಿಂತಿದ್ದ ಮೀನುಗಾರ ಮಹಿಳೆಯೊಬ್ಬರು ಕೈಮುಗಿದರು. ನಾನೂ ಮುಗಿದೆ.

ತಾಯಿ ಆಮೆ ರಾತ್ರಿ ದಡಕ್ಕೆ ಬಂದು, ಹಿಂಗಾಲಿನಲ್ಲಿ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ ಹೊರಟುಬಿಡುತ್ತದೆ. ಕಾವು ಕೊಡುವುದು ಮರಳಿನ ಬಿಸಿ. ನಲವತ್ತೈದರಿಂದ ಅರವತ್ತು ದಿನಕ್ಕೆ ಮರಿ ಹೊರಬರುತ್ತದೆ. ಮರಳು ಹೆಚ್ಚು ಬಿಸಿಯಾಗಿದ್ದರೆ ಹೆಣ್ಣು, ತಂಪಾಗಿದ್ದರೆ ಗಂಡು. ಮರಿಗಳು ಬೆಳಕಿದ್ದ ಕಡೆಗೆ ನಡೆಯುತ್ತವೆ. ಕತ್ತಲೆಯ ದಡದಲ್ಲಿ ಹೊಳೆಯುವುದು ಕಡಲೇ. ರೆಸಾರ್ಟಿನ ದೀಪ ಹೊಳೆದರೆ ಅವು ರಸ್ತೆಯ ಕಡೆ ಹೋಗಿ ಸಾಯುತ್ತವೆ. ಗೂಡು ಕಂಡ ಮೀನುಗಾರರು ಇಲಾಖೆಗೆ ಸುದ್ದಿ ಮುಟ್ಟಿಸುತ್ತಾರೆ, ಸಿಬ್ಬಂದಿ ಬಂದು ನಾಯಿ-ನರಿ ಬಾರದಂತೆ ಬೇಲಿ ಕಟ್ಟುತ್ತಾರೆ. ಈ ಕೆಲಸ ಇಷ್ಟು ಸರಳ, ಇಷ್ಟು ದೊಡ್ಡದು.

ನಾನು ಅರಸೀಕೆರೆ ಕಡೆಯವನು. ನಮ್ಮೂರಿನ ಮೇಲೆ ಹಾದುಹೋಗುವ ತುಮಕೂರು ಹೆದ್ದಾರಿ ಕಡೂರು, ಶಿವಮೊಗ್ಗ, ಸಾಗರ, ಜೋಗದ ಪಕ್ಕ ಹಾದು ಘಟ್ಟ ಇಳಿದು ಮುಗಿಯುವುದು ಹೊನ್ನಾವರದಲ್ಲಿ. ತೆಂಗಿನಕಾಯಿ ಲಾರಿಗಳನ್ನು ನೋಡಿ ಬೆಳೆದ ನಮಗೆ ಆ ರಸ್ತೆಯ ಇನ್ನೊಂದು ತುದಿಯಲ್ಲಿ ಏನಿದೆ ಎಂಬ ಕುತೂಹಲವೇ ಹುಟ್ಟಿರಲಿಲ್ಲ. ಈಗ ಅಲ್ಲಿ ರಾಜ್ಯದ ಮೊದಲ ಸಾಗರ ವನ್ಯಧಾಮವಿದೆ: ಅಪ್ಸರಕೊಂಡ–ಮುಗಳಿ. ದಡದಿಂದ ಸುಮಾರು 6 ಕಿ.ಮೀ. ಕಡಲೊಳಕ್ಕೆ ಚಾಚಿರುವ ಇದರ ವಿಸ್ತೀರ್ಣ 59 ಚದರ ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಬಹುಪಾಲು ನೀರೇ.

ದೇಶದ ಲೆಕ್ಕದಲ್ಲಿ ನಾವು ತಡವಾಗಿ ಎದ್ದವರು. ಕಚ್ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನ 1982ರದು. ಮನ್ನಾರ್ ಕೊಲ್ಲಿಯ 21 ದ್ವೀಪಗಳ ಉದ್ಯಾನ 1986ರದು, 560 ಚದರ ಕಿ.ಮೀ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಸಾಗರ ಉದ್ಯಾನವಂತೂ (1975) 3,44,400 ಚದರ ಕಿ.ಮೀ.; ಇಡೀ ಕರ್ನಾಟಕವೇ 1,91,791. ಸುಮಾರು 320 ಕಿ.ಮೀ. ಕರಾವಳಿ ಇಟ್ಟುಕೊಂಡು ಇಷ್ಟು ವರ್ಷ ಸುಮ್ಮನಿದ್ದದ್ದು ನನಗೆ ಬೇಸರ ತರಿಸುತ್ತದೆ. ನಮ್ಮ ‘ಕಾಡು’ ಅನ್ನುವ ಕಲ್ಪನೆ ಮರಗಳ ಹತ್ತಿರವೇ ನಿಂತುಬಿಟ್ಟಿತ್ತು.

ಹಾಗಂತ ಒಳನಾಡಿನವರಿಗೆ ಕಡಲ ಪ್ರಾಣಿ ತೀರ ಅಪರಿಚಿತವೂ ಅಲ್ಲ. ಹಳೇಬೀಡಿಗೆ ಹೋದಾಗ ಹೊಯ್ಸಳೇಶ್ವರನ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಎಣಿಸಿಕೊಂಡು ಬನ್ನಿ. ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆಗಳು. ಅದರ ಮೇಲಿನ ಸಾಲು ಮಕರ, ಆಮೇಲೆ ಹಂಸ. ಗೈಡುಗಳು ಆನೆಸಾಲಿನ ಮುಂದೆ ನಿಲ್ಲಿಸಿ, ಕಥೆ ಹೇಳಿ, ಮುಂದಕ್ಕೆ ಕರೆದೊಯ್ಯುತ್ತಾರೆ. ನನ್ನ ಕಣ್ಣು ಚಿಕ್ಕಂದಿನಿಂದಲೂ ಮಕರದ ಮೇಲೆಯೇ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಂದಿಯ ಕಿವಿ, ಸಿಂಹದ ಕಾಲು, ನವಿಲಿನ ಬಾಲ. ವರುಣನ ವಾಹನ ಅದು. ಬೇಲೂರಿನ ಬಾಗಿಲ ತೋರಣಗಳಲ್ಲೂ ಎರಡೂ ಬದಿಗೆ ಬಾಯ್ತೆರೆದು ಕೂತಿದೆ. ಘಟ್ಟದ ಈಚೆ, ಬಳಪದ ಕಲ್ಲಿನಲ್ಲಿ, ನಮ್ಮ ರೂವಾರಿಗಳು ನೀರಿನ ಒಡೆಯನಿಗೆ ಆನೆಯ ಮೂಗು ಇಟ್ಟರು.

ಇಲ್ಲೊಂದು ಸೋಜಿಗವಿದೆ. ಆನೆಯ ಹತ್ತಿರದ ಸಂಬಂಧಿ ಕಡಲಿನಲ್ಲಿ ನಿಜವಾಗಿಯೂ ಇದೆ: ಕಡಲಹಸು, ಅಂದರೆ ಡ್ಯೂಗಾಂಗ್. ಕೋಟ್ಯಂತರ ವರ್ಷಗಳ ಹಿಂದೆ ಎರಡಕ್ಕೂ ಒಂದೇ ಪೂರ್ವಜ. ಗಂಡು ಕಡಲಹಸುವಿಗೆ ಪುಟ್ಟ ಕೋರೆಗಳಿವೆ. ಹೆಣ್ಣಿನ ಮೊಲೆಗಳು ಆನೆಯಂತೆಯೇ ಮುಂಗಾಲುಗಳ ಬುಡದಲ್ಲಿವೆ. ಮೂತಿ ದಪ್ಪಗೆ ಕೆಳಕ್ಕೆ ಬಾಗಿದೆ. ಕಡಲ ತಳದ ಹುಲ್ಲು ಮೇಯುವ ಈ ಸಾಧು ಪ್ರಾಣಿ ನಮ್ಮ ಕರಾವಳಿಯಲ್ಲಿ ಇಲ್ಲ. ಕಚ್, ಅಂಡಮಾನ್, ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿಗಳಲ್ಲಿ ಅಳಿದುಳಿದಿದೆ. ಅದಕ್ಕಾಗಿಯೇ ತಮಿಳುನಾಡು 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿ.ಮೀ. ಪ್ರದೇಶವನ್ನು ಸಂರಕ್ಷಿತವೆಂದು ಘೋಷಿಸಿತು. ಹೊಯ್ಸಳ ಶಿಲ್ಪಿಗಳಿಗೆ ಇದೆಲ್ಲ ತಿಳಿದಿತ್ತೆಂದು ನಾನು ಹೇಳುವುದಿಲ್ಲ, ಹಾಗೆ ಹೇಳುವವರನ್ನು ನಂಬುವುದೂ ಇಲ್ಲ. ಮಕರ ಅವರಿಗಿಂತ ಎಷ್ಟೋ ಹಳೆಯದು. ಆದರೂ ಕಡಲಹಸುವಿನ ಚಿತ್ರ ನೋಡಿದ ಮೇಲೆ ಆ ಸಾಲಿನ ಮುಂದೆ ನಿಂತರೆ ಮೈ ಜುಮ್ಮೆನ್ನುತ್ತದೆ.

ಟೊಂಕದ ಮೀನುಗಾರರಿಗೆ ವನ್ಯಧಾಮದ ಬಗ್ಗೆ ಪೂರ್ತಿ ಭರವಸೆ ಬಂದಿಲ್ಲ. ‘ಆಮೆ ಉಳೀಲಿ, ನಾವೂ ಉಳೀಬೇಕಲ್ಲ’ ಎಂದರು ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರು. ಇದೇ ದಡದಲ್ಲಿ ಖಾಸಗಿ ಬಂದರು ಯೋಜನೆಯ ವಿರುದ್ಧ ವರ್ಷಗಟ್ಟಲೆ ಹೋರಾಡಿದವರು ಅವರು. ಗಡಿ ಎಂದರೆ ಬೆಚ್ಚುವುದು ಸಹಜ. ಕಾನೂನು ಅವರ ಪರವಾಗಿದೆ. ವನ್ಯಜೀವಿ ಕಾಯ್ದೆಯ 26ಎ ಸೆಕ್ಷನ್ ಪ್ರಕಾರ ಕಡಲಿನ ಭಾಗವನ್ನು ವನ್ಯಧಾಮಕ್ಕೆ ಸೇರಿಸುವಾಗ ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಯುವ ಕ್ರಮ ಕೈಗೊಳ್ಳಲೇಬೇಕು. ಆ ಮಾತು ಕಾಗದದಿಂದ ದಡಕ್ಕೆ ಇಳಿಯುತ್ತದೆಯೇ ಎಂಬುದೇ ನನಗೂ ಇರುವ ಅನುಮಾನ. ಪಾತಿದೋಣಿಯವರನ್ನು ತಡೆದು, ಬೆಳಕು ಹಾಯಿಸಿ ಮೀನು ಬಾಚುವ ದೊಡ್ಡ ಬೋಟುಗಳನ್ನು ಬಿಟ್ಟರೆ ಆಮೆಗಳಿಗೂ ನ್ಯಾಯ ಸಿಗುವುದಿಲ್ಲ.

ಇನ್ನು ನಮ್ಮ ಕಡೆಯ ವಿಷಯ. ಬರದ ನಾಡಿನ ಸಭೆಗಳಲ್ಲಿ ‘ಸಮುದ್ರ ಸೇರಿ ವ್ಯರ್ಥವಾಗುವ ನೀರು’ ಎನ್ನುವುದನ್ನು ಸಾವಿರ ಸಲ ಕೇಳಿದ್ದೇವೆ. 2024ರ ಸೆಪ್ಟೆಂಬರ್ 6ರಂದು ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಸಕಲೇಶಪುರದಲ್ಲಿ ಹುಟ್ಟಿ ಕುಮಾರಧಾರಾ, ನೇತ್ರಾವತಿ ಮೂಲಕ ಅರಬ್ಬಿ ಸಮುದ್ರ ಸೇರುತ್ತಿದ್ದ ಹಳ್ಳಗಳ 24 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಜನೆ ಅದು. ಕಾಲುವೆ ಬೇಲೂರು, ಅರಸೀಕೆರೆ ತಾಲ್ಲೂಕುಗಳ ಮೇಲೆಯೇ ಹೋಗುತ್ತದೆ. ಬೋರ್‌ವೆಲ್ ಬತ್ತಿ ತೆಂಗು ಒಣಗಿದ್ದನ್ನು ಕಂಡವನಾಗಿ ಆ ನೀರು ಬೇಡ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಆದರೆ ವ್ಯರ್ಥ ಎಂಬ ಮಾತನ್ನು ಇನ್ನು ಒಪ್ಪಲಾರೆ. ಮಳೆಗಾಲದ ಹೊಳೆ ಅಳಿವೆಗೆ ಹೊತ್ತು ತರುವ ಮಣ್ಣು, ಸತ್ವಗಳಿಂದಲೇ ಸಿಗಡಿ ಮರಿ ಬೆಳೆಯುತ್ತದೆ, ಚಿಪ್ಪೆಕಲ್ಲು ಬಲಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲೇ ನಿಲ್ಲುತ್ತವೆ. ಮೀನು ಮೊಟ್ಟೆಯಿಟ್ಟು ಮರಿ ಮಾಡಲಿ ಎಂದು. ಅದೇ ತಿಂಗಳುಗಳಲ್ಲಿ ಘಟ್ಟದ ನೀರು ಕಡಲಿಗೆ ಇಳಿಯುತ್ತದೆ. ನೇತ್ರಾವತಿ ಸೇರುವುದು ಮಂಗಳೂರಿನಲ್ಲಿ, ಹೊನ್ನಾವರದಲ್ಲಿ ಶರಾವತಿ. ನದಿ ಬೇರೆಯಾದರೂ ಅಳಿವೆಯ ಹಸಿವು ಒಂದೇ. ಕಾಲುವೆಗೆ ಎಷ್ಟು ಹರಿಸಬೇಕು ಎಂದು ಲೆಕ್ಕ ಹಾಕುವವರು ಕಡಲಿಗೆ ಎಷ್ಟು ಬಿಡಬೇಕು ಎಂಬುದನ್ನೂ ಬರೆದಿಡಬೇಕು, ಮತ್ತು ಅದನ್ನು ಕೇಳಬೇಕಾದವರಲ್ಲಿ ನೀರು ಪಡೆಯುವ ನಾವೂ ಇರಬೇಕು.

ನಮ್ಮ ಶಾಲೆಗಳ ಪ್ರವಾಸದ ಬಸ್ಸುಗಳು ಜೋಗ ನೋಡಿ ಮುರ್ಡೇಶ್ವರಕ್ಕೆ ಹೋಗುವಾಗ ಅಪ್ಸರಕೊಂಡದ ಪಕ್ಕದಲ್ಲೇ ಹಾದುಹೋಗುತ್ತವೆ. ಅಲ್ಲೊಂದು ಪುಟ್ಟ ಜಲಪಾತವಿದೆ, ಗುಡ್ಡದ ಮೇಲೆ ನಿಂತರೆ ವನ್ಯಧಾಮದ ನೀರು ಉದ್ದಕ್ಕೂ ಕಾಣುತ್ತದೆ. ಆಮೆ ಮರಿಗಳನ್ನು ಕಾಣಬೇಕಾದರೆ ಬೇಸಿಗೆ ಬಲಿಯುವ ಮುನ್ನ, ಫೆಬ್ರುವರಿ–ಮಾರ್ಚ್‌ನಲ್ಲಿ, ಹೊನ್ನಾವರದ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿಕೊಂಡು ಹೋಗಬೇಕು. ಟಾರ್ಚು, ಮೊಬೈಲ್ ಬೆಳಕು ಬೇಡ.