ಡಿಸ್ಕ್ ಖಾಲಿಯಿದ್ದರೂ ‘ಜಾಗವಿಲ್ಲ’ ಎನ್ನುವ ಸರ್ವರ್

ಯುನಿಕ್ಸ್ ಮಾದರಿಯ ಸರ್ವರ್‌ನಲ್ಲಿ ಒಂದು ಪ್ರಕ್ರಿಯೆಯ ಮೆಮೊರಿಯಲ್ಲಿ ಇನ್ನೊಂದು ಕೈಯಾಡಿಸುವಂತಿಲ್ಲ. ಆದರೆ ಡೇಟಾಬೇಸ್‌ನ ಹತ್ತಾರು ಪ್ರಕ್ರಿಯೆಗಳು ಒಂದೇ ಮಾಹಿತಿಯನ್ನು ನೋಡಬೇಕಾದಾಗ ಎಲ್ಲರಿಗೂ ಸಲ್ಲುವ ಅಂಗಳವೊಂದು ಬೇಕು. ಅದೇ ಶೇರ್ಡ್ ಮೆಮೊರಿ.

ಲಿನಕ್ಸ್‌ನಲ್ಲಿ ಇದಕ್ಕೆ ಮುಖ್ಯವಾಗಿ ಎರಡು ಮಿತಿಗಳಿವೆ. ‘ಶೆಮ್‌ಮ್ಯಾಕ್ಸ್’ ಎಂಬುದು ಒಂದು ತುಂಡಿನ ಗರಿಷ್ಠ ಗಾತ್ರ. ‘ಶೆಮ್‌ಆಲ್’ ಎಲ್ಲ ತುಂಡುಗಳ ಒಟ್ಟು ಮಿತಿ. ಮೊದಲನೆಯದರ ಲೆಕ್ಕ ಬೈಟ್‌ಗಳಲ್ಲಿ, ಎರಡನೆಯದರದು ಪುಟಗಳಲ್ಲಿ. ಪುಟವೆಂದರೆ ಸಾಮಾನ್ಯವಾಗಿ 4,096 ಬೈಟ್. ಅನೇಕರು ಎಡವುವುದು ಇಲ್ಲಿಯೇ. 2 ಜಿಬಿಯ ತುಂಡಿಗೆ ಶೆಮ್‌ಮ್ಯಾಕ್ಸ್ 2147483648 ಇರಬೇಕು, ಶೆಮ್‌ಆಲ್ ಕನಿಷ್ಠ 524288.

ಶೆಮ್‌ಮ್ಯಾಕ್ಸ್ ಮೀರಿದರೆ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಂಬ ದೋಷ ಬರುತ್ತದೆ. ಶೆಮ್‌ಆಲ್ ಮೀರಿದರೆ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂಬ ಸಂದೇಶ. ಅದನ್ನು ನಂಬಿ ಡಿಸ್ಕ್‌ನಲ್ಲಿ ಕಡತ ಅಳಿಸಲು ಹೊರಟರೆ ವ್ಯರ್ಥ ಶ್ರಮ, ಮೇಲಾಗಿ ಬೇಕಾದುದೂ ಅಳಿದೀತು.

ಲಿನಕ್ಸ್ ಕರ್ನೆಲ್‌ನ ಮೂಲ ಶೆಮ್‌ಮ್ಯಾಕ್ಸ್ ಬಹುಕಾಲ ಬರೀ 32 ಎಂಬಿ ಇತ್ತು. 2014ರ 3.16ನೇ ಆವೃತ್ತಿ ಅದನ್ನು ಬಹುತೇಕ ಮಿತಿಯೇ ಇಲ್ಲವೆನ್ನುವಷ್ಟು ಹಿಗ್ಗಿಸಿತು. 2013ರ 9.3ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಕೂಡ ಬೇರೆ ವಿಧಾನ ಹಿಡಿದು, ಈ ಬಗೆಯ ಮೆಮೊರಿಯ ಅಗತ್ಯವನ್ನು ಅತ್ಯಲ್ಪಕ್ಕೆ ಇಳಿಸಿಕೊಂಡಿತು. ಹಳೆಯ ಸರ್ವರ್‌ಗಳಲ್ಲಿ ಮಾತ್ರ ತಲೆನೋವು ತಪ್ಪಿಲ್ಲ.

ಈಗಿನ ಮಿತಿಗಳನ್ನು ‘ಐಪಿಸಿಎಸ್’ ಆದೇಶ ತೋರಿಸುತ್ತದೆ, ‘ಸಿಸ್‌ಕಂಟ್ರೋಲ್’ ಬದಲಿಸುತ್ತದೆ. ಬದಲಾವಣೆಯನ್ನು ಅದರ ಸಂರಚನಾ ಕಡತದಲ್ಲಿ ಬರೆದಿಡದಿದ್ದರೆ, ತಿಂಗಳುಗಳ ಬಳಿಕ ವಿದ್ಯುತ್ ಹೋಗಿ ಯಂತ್ರ ಮರಳಿ ಎದ್ದಾಗ ಹಳೆಯ ಮಿತಿಯೇ ಮರಳುತ್ತದೆ, ಡೇಟಾಬೇಸ್ ಏಳುವುದಿಲ್ಲ.