ಶಾಲೆಯ ತಟ್ಟೆಯಲ್ಲಿ ಹಾಲು: ಕುಡಿಯಲೇಬೇಕೇ?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮಗಳು ಶಾಲೆಯಿಂದ ಬಂದವಳೇ "ಅಮ್ಮಾ, ಹೊಟ್ಟೆ ನೋವು" ಎನ್ನುತ್ತಿದ್ದಳು. ಹೋಮ್‌ವರ್ಕ್ ತಪ್ಪಿಸಿಕೊಳ್ಳುವ ನೆಪವೆಂದು ನಾನು ಗದರಿದ್ದೂ ಉಂಟು. ಶನಿವಾರ, ಭಾನುವಾರ ಮಾತ್ರ ನೋವಿಲ್ಲ ಎಂಬುದನ್ನು ಗಮನಿಸಿದವರು ಊರಿನಿಂದ ಬಂದಿದ್ದ ಅವಳ ಅಜ್ಜಿ. ವಿಚಾರಿಸಿದರೆ, ಮನೆಯಲ್ಲಿ ಬರೀ ಮೊಸರನ್ನ ತಿನ್ನುವ ಹುಡುಗಿ ಶಾಲೆಯಲ್ಲಿ ದಿನವೂ ಒಂದು ಡಬ್ಬಿ ಹಾಲು ಕುಡಿಯುತ್ತಿದ್ದಳು. "ಬೇಡ ಅನ್ನಬಾರದಿತ್ತೇನೇ?" ಎಂದರೆ, "ತಟ್ಟೆಗೆ ಬಂದದ್ದನ್ನು ಚೆಲ್ಲಬಾರದು ಅಂತ ನೀನೇ ಹೇಳಿದ್ದೀಯಲ್ಲ!" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಹಾಲಿನಲ್ಲಿರುವ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಅದನ್ನು ಜೀರ್ಣಿಸುವ ಶಕ್ತಿ ಹಲವರಲ್ಲಿ ವಯಸ್ಸಾದಂತೆ ಕಡಿಮೆಯಾಗುತ್ತದೆ. ನಮ್ಮ ದಕ್ಷಿಣ ಭಾರತದವರಲ್ಲಿ ಇದು ಅಪರೂಪವೇನಲ್ಲ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಈ ಸಕ್ಕರೆಯಲ್ಲಿ ಒಂದು ಪಾಲನ್ನು ತಿಂದುಬಿಡುತ್ತವೆ. ಆದ್ದರಿಂದಲೇ ಹಾಲು ಒಗ್ಗದವರಿಗೂ ಮೊಸರು ಒಗ್ಗುತ್ತದೆ.

ಹಾಗಾದರೆ ಇಲ್ಲಿನ ಶಾಲೆಗಳು ಹಾಲಿಗೆ ಇಷ್ಟು ಮಹತ್ವ ಕೊಡುವುದೇಕೆ? 1946ರಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ರಾಷ್ಟ್ರೀಯ ಶಾಲಾ ಊಟದ ಕಾಯ್ದೆಗೆ ಸಹಿ ಹಾಕಿದರು. ಮಕ್ಕಳ ಆರೋಗ್ಯದ ಜೊತೆಗೆ ಅಮೆರಿಕದ ರೈತರ ಬೆಳೆಗೆ ಮಾರುಕಟ್ಟೆ ಒದಗಿಸುವುದೂ ಅದರ ಉದ್ದೇಶವಾಗಿತ್ತು. ಅದಕ್ಕೇ ಈ ಯೋಜನೆಯನ್ನು ನಡೆಸುವುದು ಶಿಕ್ಷಣ ಇಲಾಖೆಯಲ್ಲ, ಕೃಷಿ ಇಲಾಖೆ. ಯೋಜನೆಗೆ ಸೇರಿದ ಶಾಲೆ ಪ್ರತಿ ಊಟದಲ್ಲೂ 8 ಔನ್ಸ್, ಅಂದರೆ ಸುಮಾರು 240 ಮಿಲಿಲೀಟರ್ ಹಾಲನ್ನು ಮಕ್ಕಳ ಮುಂದಿಡಬೇಕು.

ಎಂಥ ಹಾಲು ಎಂಬ ನಿಯಮ ಹಲವು ಸಲ ಬದಲಾಗಿದೆ. ಗಟ್ಟಿ ಹಾಲಿನ ಒಂದು ಕಪ್ಪಿನಲ್ಲಿ ಸುಮಾರು 8 ಗ್ರಾಂ ಕೊಬ್ಬಿರುತ್ತದೆ, 1 ಪರ್ಸೆಂಟ್ ಹಾಲಿನಲ್ಲಿ ಸುಮಾರು 2.5 ಗ್ರಾಂ. ಮಕ್ಕಳ ಸ್ಥೂಲಕಾಯದ ಚಿಂತೆಯಿಂದ 2010ರ ಕಾಯ್ದೆಯ ನಂತರ, 2012ರಿಂದ, ಶಾಲೆಗಳಲ್ಲಿ ಕೊಬ್ಬಿಲ್ಲದ ಹಾಲು ಮತ್ತು 1 ಪರ್ಸೆಂಟ್ ಹಾಲು ಮಾತ್ರ ಉಳಿದವು. 2026ರ ಜನವರಿಯಲ್ಲಿ ಹೊಸ ಕಾಯ್ದೆ ಬಂದು, ಗಟ್ಟಿ ಹಾಲು ಮತ್ತು 2 ಪರ್ಸೆಂಟ್ ಹಾಲನ್ನೂ ಕೊಡಲು ಅನುಮತಿ ಸಿಕ್ಕಿತು. ಇದು ಅನುಮತಿ ಮಾತ್ರ, ಕಡ್ಡಾಯವಲ್ಲ. ಯಾವುದನ್ನು ತರಿಸಬೇಕೆಂದು ಶಾಲೆಯೇ ನಿರ್ಧರಿಸುತ್ತದೆ. ಚಾಕೊಲೇಟ್ ಹಾಲಿಗೂ ಒಂದು ಮಿತಿ ಇದೆ: 2025ರ ಜುಲೈಯಿಂದ 8 ಔನ್ಸಿಗೆ 10 ಗ್ರಾಂಗಿಂತ ಹೆಚ್ಚು ಸಕ್ಕರೆ ಬೆರೆಸುವಂತಿಲ್ಲ.

ಈಗ ಪೋಷಕರಿಗೆ ಬೇಕಾದ ಮುಖ್ಯ ವಿಷಯ. ಊಟದಲ್ಲಿ ಐದು ಭಾಗಗಳಿವೆ: ಹಣ್ಣು, ತರಕಾರಿ, ಧಾನ್ಯ, ಮಾಂಸ ಅಥವಾ ಅದರ ಬದಲಿ, ಹಾಲು. ಹೈಸ್ಕೂಲಿನಲ್ಲಿ ಮಕ್ಕಳು ಇವುಗಳಲ್ಲಿ ಮೂರನ್ನು ತೆಗೆದುಕೊಂಡರೆ ಸಾಕು. ಆದರೆ ಅವುಗಳ ಪೈಕಿ ಅರ್ಧ ಕಪ್ ಹಣ್ಣು ಅಥವಾ ತರಕಾರಿ ಇರಲೇಬೇಕು. ಹಾಗಾಗಿ ಹಾಲು ಬೇಡವೆಂದರೆ ಬಿಡಬಹುದು. ಕೆಳಗಿನ ತರಗತಿಗಳಲ್ಲಿ ಈ ಆಯ್ಕೆ ಕೊಡುವುದು ಬಿಡುವುದು ಶಾಲೆಗೆ ಸೇರಿದ್ದು. ಆಯ್ಕೆ ಇಲ್ಲದ ಕಡೆ ತಟ್ಟೆಗೆ ಹಾಲು ಬರುತ್ತದೆ ನಿಜ, ಆದರೆ ಕುಡಿಯಲೇಬೇಕೆಂಬ ನಿಯಮ ಎಲ್ಲೂ ಇಲ್ಲ. ಊಟದ ಹೊತ್ತಿನಲ್ಲಿ ಕುಡಿಯುವ ನೀರನ್ನು ಉಚಿತವಾಗಿ ಇಡುವುದು ಮಾತ್ರ ಎಲ್ಲ ಶಾಲೆಗೂ ಕಡ್ಡಾಯ.

ಲ್ಯಾಕ್ಟೋಸ್ ತೆಗೆದ ಹಾಲನ್ನು ನಿಯಮವು ಮಾಮೂಲಿ ಹಾಲೆಂದೇ ಎಣಿಸುತ್ತದೆ. ಹಾಲಿನ ಬದಲಿಗೆ ಕೊಡುವ ಪಾನೀಯದ ಒಂದು ಕಪ್ಪಿನಲ್ಲಿ 8 ಗ್ರಾಂ ಪ್ರೋಟೀನ್, 276 ಮಿಲಿಗ್ರಾಂ ಕ್ಯಾಲ್ಸಿಯಂ ಮುಂತಾದವು ಇರಬೇಕು. ಕೆಲವು ಸೋಯಾ ಹಾಲುಗಳು ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಸಾಮಾನ್ಯ ಬಾದಾಮಿ ಹಾಲಿನಲ್ಲಿ ಅಷ್ಟು ಪ್ರೋಟೀನ್ ಇರುವುದಿಲ್ಲ. ತಂದೆ ತಾಯಿ ಬರೆದುಕೊಟ್ಟರೆ ಶಾಲೆ ಇಂಥ ಬದಲಿಯನ್ನು ಕೊಡಬಹುದು. ಅಂಗವೈಕಲ್ಯವೆಂದು ಪರಿಗಣಿಸುವಂಥ ತೀವ್ರ ತೊಂದರೆಯಿದ್ದರೆ ಕೊಡಲೇಬೇಕು. ಅದಕ್ಕೆ ಮೊದಲು ವೈದ್ಯಕೀಯ ಪತ್ರ ಬೇಕಿತ್ತು. 2026ರ ಕಾಯ್ದೆಯ ಪ್ರಕಾರ ಪೋಷಕರ ಪತ್ರವೂ ನಡೆಯುತ್ತದೆ. ಇನ್ನು ನಮ್ಮ ಪ್ರೀತಿಯ ಮೊಸರು? ನಿಯಮದ ಲೆಕ್ಕದಲ್ಲಿ ಅದು ಹಾಲಲ್ಲ, ಮಾಂಸದ ಬದಲಿ! ಅಜ್ಜಿಗೆ ಇದನ್ನು ಹೇಳಿದಾಗ ಅವರು ಕಿವಿ ಮುಚ್ಚಿಕೊಂಡರು.

ನಮ್ಮ ಕರ್ನಾಟಕದಲ್ಲೂ ಶಾಲೆಯಲ್ಲಿ ಹಾಲು ಕೊಡುತ್ತಾರೆ. 2013ರ ಆಗಸ್ಟಿನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ, 18 ಗ್ರಾಂ ಹಾಲಿನ ಪುಡಿಯಿಂದ ತಯಾರಿಸಿದ 150 ಮಿಲಿಲೀಟರ್ ಬಿಸಿ ಹಾಲನ್ನು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಕೊಡುತ್ತಾ ಬಂದಿದ್ದಾರೆ. 2024ರಲ್ಲಿ ಅದಕ್ಕೆ ರಾಗಿ ಮಾಲ್ಟ್ ಕೂಡ ಸೇರಿತು. ಅಲ್ಲೂ ಹಾಲು ಉತ್ಪಾದಕರಿಗೆ ಮಾರುಕಟ್ಟೆ, ಮಕ್ಕಳಿಗೆ ಪೋಷಣೆ ಎಂಬ ಎರಡು ಗುರಿಗಳು ಜೊತೆಯಾಗಿವೆ.

ಹಾಲು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಒಗ್ಗುವ ಮಕ್ಕಳಿಗೆ ಅದು ಒಳ್ಳೆಯ ಆಹಾರ. ಒಗ್ಗದಿದ್ದರೆ ಶಾಲೆಯ ಅಡುಗೆ ವಿಭಾಗಕ್ಕೆ ಒಂದು ಪತ್ರ ಬರೆಯಿರಿ. ನಾವು ಬರೆದ ಪತ್ರ ನಾಲ್ಕೇ ಸಾಲಿನದು. ಮುಂದಿನ ವಾರದಿಂದ ಲ್ಯಾಕ್ಟೋಸ್ ಇಲ್ಲದ ಹಾಲು ಬಂತು, ಹೊಟ್ಟೆ ನೋವು ಹೋಯಿತು.

ಮಕ್ಕಳೇ, ಅನ್ನ ಚೆಲ್ಲಬಾರದು ಎಂಬ ಮಾತು ಸರಿಯೇ. ಆದರೆ ಹೊಟ್ಟೆಗೆ ಆಗದ್ದನ್ನು ತಟ್ಟೆಗೆ ಹಾಕಿಸಿಕೊಳ್ಳುವ ಮೊದಲೇ "ಬೇಡ, ಥ್ಯಾಂಕ್ಸ್" ಎನ್ನುವುದೂ ಸರಿಯೇ. ಮತ್ತೆ ಹೊಟ್ಟೆ ನೋವು ಬಂದರೆ, ಯಾವಾಗ ಬರುತ್ತದೆ, ಏನು ತಿಂದ ಮೇಲೆ ಬರುತ್ತದೆ ಎಂದು ಅಮ್ಮನಿಗೆ ಬಿಡಿಸಿ ಹೇಳಿ. ಅಮ್ಮಂದಿರೇ, ಗದರುವ ಮುಂಚೆ ಒಮ್ಮೆ ಕೇಳಿಸಿಕೊಳ್ಳಿ. ನಾನು ತಡವಾಗಿ ಕಲಿತ ಪಾಠ ಅದು.