ಶೇವಿಂಗ್ ಕ್ರೀಮ್ ನೊರೆ ಕೊಡದಿದ್ದರೆ ಅದು ನಕಲಿ ಮಾಲೇ? ಮೊದಲು ಮಗ್ಗಿನ ನೀರು ನೋಡಿ

‘ನೊರೆ ಬಾರದ ಶೇವಿಂಗ್ ಕ್ರೀಮ್ ನಕಲಿ, ಕೂಡಲೇ ಬಿಸಾಡಿ, ಎಲ್ಲರಿಗೂ ಕಳಿಸಿ’ ಎನ್ನುವ ಧಾಟಿಯ ಮಾತು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ಇದನ್ನು ಬೇಗ ನಂಬುತ್ತಾರೆ. ನಂಬಲು ಕಾರಣವೂ ಇದೆ: ಇಲ್ಲಿನ ಎಷ್ಟೋ ಮನೆಗಳಲ್ಲಿ ಬ್ರಷ್ ಎಷ್ಟು ತಿಕ್ಕಿದರೂ ಬುರುಗು ಏಳುವುದಿಲ್ಲ. ಅದೇ ಟ್ಯೂಬು ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಯಲ್ಲಿ ಮುಖ ತುಂಬ ನೊರೆ ಕೊಡುತ್ತದೆ. ಕ್ರೀಮ್ ಬದಲಾಗಿಲ್ಲ, ನೀರು ಬದಲಾಗಿದೆ.

ನಕಲಿ ಕ್ರೀಮ್ ಇಲ್ಲವೆಂದಲ್ಲ. ಅದನ್ನು ಪತ್ತೆ ಮಾಡಲು ಟ್ಯೂಬಿನ ಮೇಲೆ ತಯಾರಕರ ವಿಳಾಸ, ಬ್ಯಾಚ್ ನಂಬರ್, ಪರವಾನಗಿ ಸಂಖ್ಯೆ, ಬಳಸುವ ಅವಧಿ ನೋಡಬೇಕು. ನೊರೆ ಅದಕ್ಕೆ ಸಾಕ್ಷಿಯಲ್ಲ.

ನೊರೆಯನ್ನು ನುಂಗುವುದು ಏನು?

ಬ್ರಷ್‌ನಿಂದ ಹಚ್ಚುವ ಶೇವಿಂಗ್ ಕ್ರೀಮ್ ಎಂದರೆ ಮೂಲತಃ ಮೆತ್ತಗಿನ ಸಾಬೂನು. ಸ್ಟಿಯರಿಕ್ ಆಮ್ಲ, ತೆಂಗಿನೆಣ್ಣೆಯಂಥ ಕೊಬ್ಬಿನ ಪದಾರ್ಥಗಳನ್ನು ಪೊಟ್ಯಾಸಿಯಂ ಮತ್ತು ಸೋಡಿಯಂ ಕ್ಷಾರಗಳ ಜೊತೆ ಸೇರಿಸಿ ಮಾಡುತ್ತಾರೆ. ಈ ಸಾಬೂನು ನೀರಿನಲ್ಲಿ ಕರಗಿ ಗಾಳಿಯ ಗುಳ್ಳೆಗಳ ಸುತ್ತ ಪೊರೆ ಕಟ್ಟಿದಾಗ ನೊರೆ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇದ್ದರೆ ಅವು ಪೊಟ್ಯಾಸಿಯಂ ಜಾಗಕ್ಕೆ ಬಂದು ಕೂರುತ್ತವೆ. ಆಗ ಹುಟ್ಟುವುದು ನೀರಿನಲ್ಲಿ ಕರಗದ, ನೊರೆ ಕೊಡದ ಜಿಡ್ಡು. ಮಗ್ಗಿನ ಅಂಚಿಗೆ, ಬ್ರಷ್‌ನ ಬುಡಕ್ಕೆ ಅಂಟಿಕೊಳ್ಳುವ ಬೂದು ಬಣ್ಣದ ಪದರ ಇದೇ.

ವಿಜಯಪುರ ಜಿಲ್ಲೆಯ ಬಹುಭಾಗ ಕಪ್ಪು ಬಸಾಲ್ಟ್ ಕಲ್ಲಿನ ಮೇಲೆ ಕೂತಿದೆ. ಈ ಕಲ್ಲು ಸವೆದಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಡುಗಡೆಯಾಗುತ್ತವೆ. ಎರೆ ಹೊಲ ಅಗೆದರೆ ಸುಣ್ಣದ ಹರಳು ಸಿಗುವುದನ್ನು ರೈತರೆಲ್ಲ ನೋಡಿದ್ದಾರೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅದರ ಮೇಲೆ ಸುಡು ಬಿಸಿಲು. ಹೀಗಾಗಿ ನೆಲದೊಳಗಿನ ನೀರು ತಿಳಿಯಾಗುವುದಕ್ಕಿಂತ ಗಟ್ಟಿಯಾಗುವುದೇ ಹೆಚ್ಚು. ನಾವು ‘ಸವಳು ನೀರು’ ಎನ್ನುವುದು ಉಪ್ಪಿನ ರುಚಿಯನ್ನು. ಡೋಣಿ ನದಿಯ ನೀರು ಅದಕ್ಕೇ ಹೆಸರಾಗಿದೆ. ಗಡಸುತನ ಬೇರೆ ಗುಣ, ಆದರೆ ಎಷ್ಟೋ ಬೋರ್‌ವೆಲ್‌ಗಳಲ್ಲಿ ಎರಡೂ ಜೊತೆಗೇ ಬರುತ್ತವೆ. ಅಂಥ ನೀರಿನಲ್ಲಿ ತೊಗರಿ ಬ್ಯಾಳಿ ಬೇಯದೆ ಅವ್ವಂದಿರು ಬೈಯುವುದಕ್ಕೂ ಇದೇ ಕ್ಯಾಲ್ಸಿಯಂ ಕಾರಣ.

ಒಂದು ಲೆಕ್ಕ ನೋಡೋಣ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ (ಐಎಸ್ 10500) ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಆಗಬಹುದು. ಆ 600ರ ಒಂದು ಲೀಟರ್ ನೀರು ಸುಮಾರು ಮೂರೂವರೆ ಗ್ರಾಂ ಸಾಬೂನನ್ನು ಜಿಡ್ಡಾಗಿಸುತ್ತದೆ. ಒಮ್ಮೆ ಹಚ್ಚುವ ಒಂದು ಗ್ರಾಂ ಕ್ರೀಮಿನಲ್ಲಿ ಸಾಬೂನು ಮೂರನೇ ಒಂದು ಭಾಗ ಎಂದಿಟ್ಟುಕೊಳ್ಳಿ. ಬ್ರಷ್ 20 ಮಿಲಿಲೀಟರ್ ನೀರು ಹಿಡಿದರೆ ಹೋಗುವುದು ಅದರ ಐದನೇ ಒಂದು ಪಾಲು, ಅಷ್ಟೇ. ಆದರೆ ನೊರೆ ಬರಲಿಲ್ಲವೆಂದು ಬ್ರಷ್ಷನ್ನು ಮತ್ತೆ ಮತ್ತೆ ಮಗ್ಗಿಗೆ ಅದ್ದುತ್ತಾ ಹೋದರೆ? 80 ಮಿಲಿಲೀಟರ್ ತಲುಪುವಷ್ಟರಲ್ಲಿ ಸಾಬೂನು ಬಹುತೇಕ ಖಾಲಿ. ಅಂದರೆ ನೀರು ಗಡಸಾದಷ್ಟೂ ಕೈ ಬಿಗಿಯಾಗಿರಬೇಕು. ನಾವು ಮಾಡುವುದು ತಿರುಗಾಮುರುಗಾ.

ಹಾಗಾದರೆ ಹೇಗೆ ಹಚ್ಚಬೇಕು?

ಸುಲಭದ ದಾರಿ ಎಂದರೆ ಶೇವಿಂಗ್‌ಗೆ ಅರ್ಧ ಲೋಟ ಬೇರೆ ನೀರು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನದಾಗಲಿ, ಹಿಡಿದಿಟ್ಟ ಮಳೆ ನೀರಾಗಲಿ ಸಾಕು. ಅದನ್ನು ಉಗುರುಬೆಚ್ಚಗೆ ಮಾಡಿ ಬ್ರಷ್ಷನ್ನು ಎರಡು ನಿಮಿಷ ನೆನೆಸಿ, ಆಮೇಲೆ ಒಂದೆರಡು ಸಲ ಜಾಡಿಸಿ. ಬ್ರಷ್ ಒದ್ದೆ ಇರಬೇಕು, ತೊಟ್ಟಿಕ್ಕಬಾರದು. ಅಗ್ಗದ ನೈಲಾನ್ ಬ್ರಷ್‌ನ ಎಳೆ ನೀರು ಹೀರುವುದಿಲ್ಲ, ಎಳೆಗಳ ನಡುವೆ ನಿಂತ ನೀರು ಒಮ್ಮೆಲೇ ಸುರಿದು ಕ್ರೀಮನ್ನು ತೊಳೆದುಬಿಡುತ್ತದೆ. ಆದ್ದರಿಂದ ಅದನ್ನು ಇನ್ನೊಂದು ಸಲ ಜಾಡಿಸಿದರೆ ಒಳ್ಳೆಯದು.

ಬಾದಾಮಿ ಗಾತ್ರದ ಕ್ರೀಮ್ ಸಾಕು. ಒದ್ದೆ ಮುಖದ ಮೇಲೆ ಒಂದು ನಿಮಿಷವಾದರೂ ಸುತ್ತಿಸಿ. ಅರ್ಧ ನಿಮಿಷಕ್ಕೇ ಕೈ ಬಿಡುವವರು ಜಾಸ್ತಿ, ನನ್ನ ಪ್ರಕಾರ ಕೆಟ್ಟ ನೊರೆಗೆ ನೀರಿನಷ್ಟೇ ದೊಡ್ಡ ಕಾರಣ ಈ ಅವಸರ. ಪೇಸ್ಟಿನಂತೆ ಅಂಟಿದರೆ ಬ್ರಷ್‌ನ ತುದಿಯನ್ನಷ್ಟೇ ನೀರಿಗೆ ಮುಟ್ಟಿಸಿ ಮತ್ತೆ ಸುತ್ತಿಸಿ. ದೊಡ್ಡ ದೊಡ್ಡ ಗುಳ್ಳೆ ಎದ್ದು ಟುಸ್ ಎಂದು ಒಡೆದರೆ ನೀರು ಹೆಚ್ಚಾಗಿದೆ, ಸ್ವಲ್ಪ ಕ್ರೀಮ್ ಸೇರಿಸಿ. ಗಟ್ಟಿ ಮೊಸರಿನ ಹೊಳಪು ಬಂದು, ಗುಳ್ಳೆ ಕಣ್ಣಿಗೆ ಕಾಣದಂತಾದಾಗ ಬ್ಲೇಡ್ ಹಿಡಿಯಿರಿ. ಎತ್ತರದ ನೊರೆ ಬೇಕಿಲ್ಲ. ಕೂದಲನ್ನು ಮೆತ್ತಗೆ ಮಾಡುವುದು ಅದರೊಳಗಿನ ನೀರು, ಅದಕ್ಕೆ ಎರಡು ಮೂರು ನಿಮಿಷ ಬೇಕು. ನೊರೆಯ ಕೆಲಸ ಆ ನೀರು ಆರದಂತೆ ಹಿಡಿದು ಬ್ಲೇಡ್ ಜಾರುವಂತೆ ಮಾಡುವುದು. ಒಣ ಮುಖದ ಮೇಲೆ ಎಳೆದರೆ ಉರಿ, ಗಾಯ, ಬೊಕ್ಕೆ ಎಲ್ಲ ಬರುತ್ತವೆ.

ಬ್ರಷ್‌ನ ಬುಡದಲ್ಲಿ ಬೂದು ಜಿಡ್ಡು ಕಟ್ಟಿದೆಯೇ? ಜಿಐ ಮಾನ್ಯತೆ ಪಡೆದ ಇಂಡಿಯ ಲಿಂಬೆಹಣ್ಣು ಕೈಗೆ ಸಿಗುವಾಗ ಬೇರೆ ಔಷಧ ಯಾಕೆ! ಅರ್ಧ ಹೋಳಿನ ರಸ ಹಿಂಡಿದ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆದು, ನೀರು ಬಸಿಯುವಂತೆ ಒಣಗಲು ಬಿಡಿ. ರಸವನ್ನು ಮುಖಕ್ಕೆ ಹಚ್ಚಬೇಡಿ, ಶೇವಿಂಗ್ ಆದ ಚರ್ಮಕ್ಕಂತೂ ಬೇಡವೇ ಬೇಡ.

ಕುದಿಸಿದರೆ, ಪಟಕ ಹಾಕಿದರೆ ಸರಿಹೋಗುತ್ತದೆಯೇ?

ಕುದಿಸಿದರೆ ಅರ್ಧ ಸರಿ. ಬೈಕಾರ್ಬನೇಟ್‌ನಿಂದ ಬಂದ ಗಡಸುತನ ಮಾತ್ರ ಕುದಿದಾಗ ಬಿಳಿ ಪುಡಿಯಾಗಿ ಪಾತ್ರೆಯ ತಳಕ್ಕೆ ಕೂರುತ್ತದೆ. ಸಲ್ಫೇಟ್, ಕ್ಲೋರೈಡ್‌ನಿಂದ ಬಂದದ್ದು ಹಾಗೇ ಉಳಿಯುತ್ತದೆ. ಪಟಕ ರಾಡಿ ನೀರನ್ನು ತಿಳಿ ಮಾಡುತ್ತದೆ, ಗಡಸುತನ ತೆಗೆಯುವುದಿಲ್ಲ.

ನೊರೆ ಬಂದರೆ ಕುಡಿಯಲು ಯೋಗ್ಯವೇ?

ಈ ನಂಬಿಕೆ ಮೊದಲಿನದಕ್ಕಿಂತ ಅಪಾಯದ್ದು. ನೊರೆ ಹೇಳುವುದು ಗಡಸುತನವನ್ನು ಮಾತ್ರ. ಅದನ್ನೂ ಸಾಬೂನಿನಲ್ಲೇ ನೋಡಬೇಕು, ಶಾಂಪೂ ಮತ್ತು ಬಟ್ಟೆ ಡಿಟರ್ಜೆಂಟ್ ಗಡಸು ನೀರಿನಲ್ಲೂ ನೊರೆ ಕೊಡುತ್ತವೆ. ಫ್ಲೋರೈಡ್, ನೈಟ್ರೇಟ್, ರೋಗಾಣು ಯಾವುದೂ ನೊರೆಯಲ್ಲಿ ತಿಳಿಯುವುದಿಲ್ಲ. ವಿಜಯಪುರ ಫ್ಲೋರೈಡ್ ತೊಂದರೆ ಇರುವ ಜಿಲ್ಲೆಗಳಲ್ಲಿ ಒಂದು. ಕ್ಯಾಲ್ಸಿಯಂ ಹೆಚ್ಚಿದ್ದಲ್ಲಿ ಫ್ಲೋರೈಡ್ ಅದರ ಜೊತೆ ಸೇರಿ ತಳಕ್ಕೆ ಕೂರುವ ಸಾಧ್ಯತೆ ಇರುತ್ತದೆ. ಕ್ಯಾಲ್ಸಿಯಂ ಕಡಿಮೆಯಾದ ಮೆದು ನೀರಿನಲ್ಲೇ ಅದು ಹೆಚ್ಚು ಕರಗಿರಬಲ್ಲದು. ಅಂದರೆ ಭರ್ಜರಿ ನೊರೆ ಕೊಡುವ ಬೋರ್‌ವೆಲ್ ನೀರೇ ಮಕ್ಕಳ ಹಲ್ಲಿಗೆ ಕಂದು ಕಲೆ ತರುವಂಥದ್ದೂ ಆಗಿರಬಹುದು, ವರ್ಷಗಟ್ಟಲೆ ಕುಡಿದರೆ ಮೂಳೆ ಕೀಲುಗಳನ್ನೂ ಕೆಡಿಸಬಹುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ.

ಜಲ ಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷಿಸುವ ಕಿಟ್ ಕೊಡಲಾಗಿದೆ. ಹೆಚ್ಚು ನಿಖರವಾಗಿ ಬೇಕೆಂದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯವಿದೆ. ವರದಿ ಕೈಗೆ ಬಂದಾಗ ಫ್ಲೋರೈಡ್ ಸಾಲನ್ನು ಮೊದಲು ನೋಡಿ: ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, 1.5 ದಾಟಿದ್ದರೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಸ್ನಾನಕ್ಕೆ, ಶೇವಿಂಗ್‌ಗೆ ಅದೇ ನೀರು ನಡೆಯುತ್ತದೆ.